ಡಿಗ್ರಿ ಮುಗಿಯಲಿ, ಆಮೇಲೆ ನೋಡೋಣ!



ಮಗಳು ಬಿ.ಕಾಂ. ಮೊದಲ ವರ್ಷದಲ್ಲಿದ್ದಾಳೆ. "ಉಮ್ಮಾ, ನನಗೆ ಮುಂದೆ ಎಂಬಿಎ ಮಾಡಬೇಕೆಂದಿದೆ" ಎನ್ನುತ್ತಾಳೆ. ನೀವು ಏನು ಉತ್ತರ ಕೊಡುತ್ತೀರಿ? ಖಡಾಖಂಡಿತವಾಗಿ ಬೇಡ ಎನ್ನುವವರು ಇಂದು ನಮ್ಮ ಮನೆಗಳಲ್ಲಿ ಕಡಿಮೆಯಾಗಿದ್ದಾರೆ. ಆದರೆ ಹೆಚ್ಚಿನ ಕಡೆ ಬರುವ ಉತ್ತರ ಒಂದೇ: "ಮೊದಲು ಡಿಗ್ರಿ ಮುಗಿಯಲಿ, ಆಮೇಲೆ ನೋಡೋಣ."

ಕೇಳಲು ಇದು ಎಷ್ಟು ಹಿತವಾದ ಮಾತು! ಇದರಲ್ಲಿ ನಿರಾಕರಣೆ ಇಲ್ಲ, ಗದರಿಕೆಯೂ ಇಲ್ಲ. ಆದರೆ ಒಳ್ಳೆಯ ಸಂಸ್ಥೆಯಲ್ಲಿ ಎಂಬಿಎ ಓದಬೇಕೆಂಬ ಹುಡುಗಿಗೆ ಈ ಮಾತು ನಿರಾಕರಣೆಗೆ ಸಮಾನ. ಏಕೆಂದರೆ ಆ ಬಾಗಿಲು ಡಿಗ್ರಿ ಮುಗಿದ ಮೇಲೆ ತೆರೆಯುವುದಲ್ಲ. ಡಿಗ್ರಿ ನಡೆಯುತ್ತಿರುವಾಗಲೇ ತೆರೆದು, ಅದು ಮುಗಿಯುವ ಮೊದಲೇ ಮುಚ್ಚಿಬಿಡುತ್ತದೆ. ಈ ವಿಷಯ ತಿಳಿಯದೆ ಪ್ರತಿಭೆಯಿರುವ ಎಷ್ಟೋ ಹೆಣ್ಣುಮಕ್ಕಳು ಹೊರಗೇ ಉಳಿದುಬಿಡುತ್ತಾರೆ. ಆದ್ದರಿಂದ ಈ ಸಲ ಇದನ್ನೇ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಕ್ಯಾಲೆಂಡರ್

ದೇಶದ ಪ್ರಮುಖ ಮ್ಯಾನೇಜ್‌ಮೆಂಟ್ ಸಂಸ್ಥೆಗಳೆಂದರೆ ಐಐಎಂಗಳು. ಮೊದಲ ಎರಡು, ಕಲ್ಕತ್ತ ಮತ್ತು ಅಹ್ಮದಾಬಾದ್, 1961ರಲ್ಲಿ ಆರಂಭವಾದವು. ನಮ್ಮ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಐಐಎಂ ಶುರುವಾದದ್ದು 1973ರಲ್ಲಿ. ನೆರೆಯ ಕೋಝಿಕ್ಕೋಡಿನದ್ದು 1996ರಲ್ಲಿ. ಇಂದು ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚು ಐಐಎಂಗಳಿವೆ. ಇವುಗಳ ಎರಡು ವರ್ಷದ ಕೋರ್ಸಿಗೆ ಸೇರಲು ಬರೆಯಬೇಕಾದ ಪರೀಕ್ಷೆ ಕ್ಯಾಟ್. ಐಐಎಂ ಅಲ್ಲದ ಎಷ್ಟೋ ಒಳ್ಳೆಯ ಸಂಸ್ಥೆಗಳೂ ಇದೇ ಅಂಕವನ್ನು ಪರಿಗಣಿಸುತ್ತವೆ.

ಈ ಪರೀಕ್ಷೆ ವರ್ಷಕ್ಕೆ ಒಂದೇ ಸಲ, ಸಾಮಾನ್ಯವಾಗಿ ನವೆಂಬರ್ ಕೊನೆಯಲ್ಲಿ ನಡೆಯುತ್ತದೆ. 2024ರಲ್ಲಿ ಅದು ನವೆಂಬರ್ 24ರಂದು ನಡೆಯಿತು. ಅರ್ಜಿ ಹಾಕುವುದು ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ. ಫಲಿತಾಂಶ ಬಂದ ಮೇಲೆ ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಸಂದರ್ಶನ. ತರಗತಿ ಆರಂಭ ಜೂನ್ ಆಸುಪಾಸು.

ಈಗ ಲೆಕ್ಕ ಹಾಕಿ ನೋಡಿ. ಡಿಗ್ರಿಯ ಅಂತಿಮ ವರ್ಷದಲ್ಲಿರುವವರು ಈ ಪರೀಕ್ಷೆ ಬರೆಯಬಹುದು. ಅಂದರೆ ಕೊನೆಯ ವರ್ಷದ ತರಗತಿ ಶುರುವಾದ ಸ್ವಲ್ಪ ದಿನಕ್ಕೇ ಅರ್ಜಿ ಹಾಕಿರಬೇಕು. "ಡಿಗ್ರಿ ಮುಗಿಯಲಿ" ಎಂದು ಕಾದ ಮನೆಯಲ್ಲಿ, ಕೊನೆಯ ಪರೀಕ್ಷೆ ಬರೆದು ಮಗಳು ಮನೆಗೆ ಬರುವಾಗ ಆ ವರ್ಷದ ಕ್ಯಾಟ್ ಕಳೆದು ಆರೇಳು ತಿಂಗಳು ಆಗಿರುತ್ತದೆ. ಇನ್ನೊಂದು ಕ್ಯಾಟ್ ಬರೆದು ಕಾಲೇಜು ಸೇರಲು ಮತ್ತೆ ಒಂದು ವರ್ಷ ಬೇಕು. ಆ ಖಾಲಿ ವರ್ಷದಲ್ಲಿ ನಮ್ಮ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. "ಸುಮ್ಮನೆ ಮನೆಯಲ್ಲಿದ್ದಾಳಲ್ಲ" ಎನ್ನುತ್ತಲೇ ಸಂಬಂಧಗಳು ಬರತೊಡಗುತ್ತವೆ. ಅದರಲ್ಲಿ ಯಾರ ತಪ್ಪೂ ಇಲ್ಲ. ಮಾತು ಆಗಬೇಕಾಗಿದ್ದ ಸಮಯದಲ್ಲಿ ಆಗಲಿಲ್ಲ, ಅಷ್ಟೇ.

ಪರೀಕ್ಷೆ ಎಂಥದ್ದು?

ಎರಡು ಗಂಟೆಯ ಪರೀಕ್ಷೆ. ಕಂಪ್ಯೂಟರಿನಲ್ಲಿ ಬರೆಯಬೇಕು. ಮೂರು ಭಾಗಗಳು, ಒಂದೊಂದಕ್ಕೆ ನಲವತ್ತು ನಿಮಿಷ. ಮೊದಲನೆಯದು ಇಂಗ್ಲಿಷ್ ಓದು ಮತ್ತು ಭಾಷೆ. ಎರಡನೆಯದು ಪಟ್ಟಿ, ನಕ್ಷೆಗಳನ್ನು ನೋಡಿ ತರ್ಕದಿಂದ ಉತ್ತರಿಸುವುದು. ಮೂರನೆಯದು ಗಣಿತ. 2024ರಲ್ಲಿ ಕ್ರಮವಾಗಿ 24, 22, 22, ಒಟ್ಟು 68 ಪ್ರಶ್ನೆಗಳಿದ್ದವು. ಸರಿ ಉತ್ತರಕ್ಕೆ 3 ಅಂಕ. ಆಯ್ಕೆಗಳಿರುವ ಪ್ರಶ್ನೆಯಲ್ಲಿ ತಪ್ಪಿದರೆ 1 ಅಂಕ ಕಡಿತ.

ಇಲ್ಲಿ ಪರ್ಸೆಂಟೈಲ್ ಎಂಬ ಪದ ಬರುತ್ತದೆ. ತಾಯಂದಿರು ಇದನ್ನು ಪರ್ಸೆಂಟ್ ಎಂದುಕೊಂಡು ಗಾಬರಿಯಾಗುವುದುಂಟು. 99 ಪರ್ಸೆಂಟೈಲ್ ಎಂದರೆ ನೂರಕ್ಕೆ 99 ಅಂಕವಲ್ಲ. ಬರೆದ ನೂರು ಮಂದಿಯಲ್ಲಿ 99 ಮಂದಿಗಿಂತ ಮುಂದೆ ಎಂದರ್ಥ. 2024ರಲ್ಲಿ ಒಟ್ಟು 204 ಅಂಕಗಳಲ್ಲಿ ಅರ್ಧದಷ್ಟು ಪಡೆದವರೂ ಆ ಗಡಿ ದಾಟಿದರು. ಅಂದರೆ ಎಲ್ಲವನ್ನೂ ಬರೆಯುವುದಕ್ಕಿಂತ, ಯಾವ ಪ್ರಶ್ನೆಯನ್ನು ಬಿಡಬೇಕೆಂದು ತಿಳಿದವರು ಇಲ್ಲಿ ಗೆಲ್ಲುತ್ತಾರೆ. ಶಾಲೆಯಲ್ಲಿ ಪುಟ ತುಂಬಿಸಿ ಅಭ್ಯಾಸವಾದ ನಮ್ಮ ಮಕ್ಕಳಿಗೆ ಹೀಗೆ ಬಿಟ್ಟುಬಿಡುವುದನ್ನು ಕಲಿಯಲು ಸಮಯ ಬೇಕಾಗುತ್ತದೆ.

ಆ ವರ್ಷ ಪರೀಕ್ಷೆ ಬರೆದವರು ಸುಮಾರು 2.93 ಲಕ್ಷ. ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳು. ನಿಮ್ಮ ಮಗಳು ಅಲ್ಲಿ ಒಬ್ಬಂಟಿಯಾಗಿರುವುದಿಲ್ಲ. ಪರೀಕ್ಷೆಗಾಗಿ ಬೆಂಗಳೂರಿಗೇ ಹೋಗಬೇಕೆಂದೂ ಇಲ್ಲ. ಮಂಗಳೂರು, ಮೈಸೂರು, ಹುಬ್ಬಳ್ಳಿಯಂತಹ ನಗರಗಳಲ್ಲೂ ಕೇಂದ್ರಗಳಿರುತ್ತವೆ.

ಬಿ.ಎ. ಓದುವವರಿಗೆ ಇದು ಆಗುವುದೇ?

ಆಗುತ್ತದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ., ಬಿಬಿಎ ಯಾವ ಪದವಿಯೂ ಸರಿ. ಶೇಕಡಾ 50 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ 45 ಸಾಕು. ಮಾತ್ರವಲ್ಲ, ಇಂಜಿನಿಯರಿಂಗ್ ಗಂಡುಮಕ್ಕಳೇ ತರಗತಿ ತುಂಬುತ್ತಾರೆಂಬ ಕಾರಣಕ್ಕೆ ಬೇರೆ ಪದವಿಯವರಿಗೂ ಹೆಣ್ಣುಮಕ್ಕಳಿಗೂ ಆಯ್ಕೆಯಲ್ಲಿ ಸ್ವಲ್ಪ ಹೆಚ್ಚುವರಿ ಅಂಕ ಕೊಡುವ ಕ್ರಮ ಹಲವು ಐಐಎಂಗಳಲ್ಲಿದೆ. ಕೋಝಿಕ್ಕೋಡ್ ಐಐಎಂನಲ್ಲಿ 2013ರಲ್ಲಿ ಸೇರಿದ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳೇ ಆಗಿದ್ದರು.

ಗಣಿತದ ಬಗ್ಗೆ ನಮ್ಮ ಹುಡುಗಿಯರಿಗಿರುವ ಭಯ ದೊಡ್ಡದು. ಆದರೆ ಇಲ್ಲಿ ಬರುವ ಗಣಿತದ ಬಹುಪಾಲು ಹತ್ತನೇ ತರಗತಿಯವರೆಗಿನದ್ದು: ಶೇಕಡಾವಾರು, ಅನುಪಾತ, ಲಾಭ-ನಷ್ಟ, ಕಾಲ-ಕೆಲಸ, ಬೀಜಗಣಿತ, ರೇಖಾಗಣಿತ. ಹೈಸ್ಕೂಲಿನ ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಮೊದಲ ವರ್ಷದಲ್ಲಿ ಅದನ್ನೇ ಮತ್ತೆ ಮೊದಲಿನಿಂದ ಮಾಡಿ ಮುಗಿಸಿದರೆ ಅಡಿಪಾಯ ಗಟ್ಟಿಯಾಗುತ್ತದೆ.

ನಿಜವಾಗಿ ಕಷ್ಟವಾಗುವುದು ಇಂಗ್ಲಿಷ್ ಓದು, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದವರಿಗೆ. ಅಲ್ಲಿ ಕೊಡುವ ಲೇಖನಭಾಗಗಳು ಇತಿಹಾಸ, ಅರ್ಥಶಾಸ್ತ್ರ, ವಿಜ್ಞಾನ, ತತ್ತ್ವಶಾಸ್ತ್ರ ಹೀಗೆ ಎಲ್ಲಿಂದಲೂ ಬರಬಹುದು. ಪದಗಳ ಅರ್ಥ ತಿಳಿದರೆ ಸಾಲದು, ಬರೆದವನು ಏನು ಹೇಳಲು ಹೊರಟಿದ್ದಾನೆ ಎಂಬುದು ತಿಳಿಯಬೇಕು. ಇದನ್ನು ಮೂರು ತಿಂಗಳ ಕೋಚಿಂಗಿನಲ್ಲಿ ಯಾರೂ ಕಲಿಸಿಕೊಡಲಾರರು. ದಿನಕ್ಕೆ ಅರ್ಧ ಗಂಟೆ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ ಓದಿ, ಅದರ ಸಾರವನ್ನು ಎರಡು ವಾಕ್ಯಗಳಲ್ಲಿ ಬರೆದಿಡುವ ಅಭ್ಯಾಸ ಎರಡು ವರ್ಷ ನಡೆದರೆ ಮಾತ್ರ ಅದು ಕೈಗೆ ಹತ್ತುತ್ತದೆ.

ಹಿಫ್ಝ್ ಮಾಡುವ ಮಕ್ಕಳನ್ನು ನೀವು ನೋಡಿರಬಹುದು. ದಿನಕ್ಕೆ ಹೊಸ ಪಾಠ ಸ್ವಲ್ಪವೇ. ಆದರೆ ನಿನ್ನೆ ಮೊನ್ನೆಯದನ್ನು ಉಸ್ತಾದರಿಗೆ ಮತ್ತೆ ಒಪ್ಪಿಸಬೇಕು, ಹಳೆಯ ಜುಝ್‌ಗಳನ್ನು ಸರದಿಯಂತೆ ತಿರುಗಿ ಓದಬೇಕು. ಹೊಸದಕ್ಕಿಂತ ಹಳೆಯದಕ್ಕೆ ಹೆಚ್ಚು ಹೊತ್ತು ಹೋಗುತ್ತದೆ. ಮದ್ರಸದಲ್ಲಿ ಕಲಿತು, ಕಲಿಸುತ್ತಲೂ ಇರುವ ನನಗೆ ಕ್ಯಾಟ್ ತಯಾರಿಯ ಕ್ರಮವೂ ಇದೇ ಎಂದು ತೋರುತ್ತದೆ. ಒಂದು ಮಾದರಿ ಪರೀಕ್ಷೆ ಬರೆದರೆ, ಅದಕ್ಕಿಂತ ಹೆಚ್ಚು ಹೊತ್ತು ಅದರಲ್ಲಿ ತಪ್ಪಿದ್ದು ಎಲ್ಲಿ ಎಂದು ಕುಳಿತು ನೋಡಬೇಕು. ವಾರಕ್ಕೆ ಐದು ಪರೀಕ್ಷೆ ಬರೆದು ಒಂದನ್ನೂ ತಿರುಗಿ ನೋಡದವಳಿಗಿಂತ, ಒಂದೇ ಬರೆದು ಎಲ್ಲ ತಪ್ಪುಗಳನ್ನು ಪುಸ್ತಕದಲ್ಲಿ ಬರೆದಿಟ್ಟವಳು ಮುಂದೆ ಹೋಗುತ್ತಾಳೆ.

ಮೂರು ವರ್ಷದ ಹಂಚಿಕೆ

ಮೊದಲ ವರ್ಷದಲ್ಲಿ ಕಾಲೇಜಿನ ಅಂಕಗಳ ಕಡೆ ಗಮನವಿರಲಿ. ಹತ್ತನೇ ತರಗತಿ, ಪಿಯುಸಿ ಮತ್ತು ಡಿಗ್ರಿಯ ಅಂಕಗಳನ್ನು ಐಐಎಂಗಳು ಆಯ್ಕೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಮೊದಲ ಎರಡು ಮುಗಿದುಹೋಗಿವೆ, ಇನ್ನು ಬದಲಾಗವು. ಕೈಯಲ್ಲಿ ಉಳಿದಿರುವುದು ಡಿಗ್ರಿಯದ್ದು ಮಾತ್ರ. ಜೊತೆಗೆ ದಿನದ ಓದು ಮತ್ತು ಹೈಸ್ಕೂಲ್ ಗಣಿತ. ಕೋಚಿಂಗ್ ಬೇಡ, ದುಡ್ಡು ಬೇಡ.

ಎರಡನೇ ವರ್ಷದಲ್ಲಿ ಕ್ಯಾಟ್‌ನ ಹಳೆಯ ಪ್ರಶ್ನೆಗಳನ್ನು ಬಿಡಿಸಲು ಆರಂಭಿಸಬೇಕು. ಅದರ ಜೊತೆಗೆ ಒಂದು ನಿಜವಾದ ಕೆಲಸ ಕೈಗೆತ್ತಿಕೊಳ್ಳಬೇಕು. ಏಕೆಂದರೆ ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು "ನಿಮಗೆ ಎಂಬಿಎ ಯಾಕೆ?" ಎಂಬುದು. ಪುಸ್ತಕದ ಉತ್ತರ ಅಲ್ಲಿ ನಡೆಯುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ವ್ಯಾಪಾರ ಅಂಗಳದಲ್ಲೇ ಇದೆ. ತಂದೆಗೆ ಬಟ್ಟೆಯಂಗಡಿ ಇರಬಹುದು, ಚಿಕ್ಕಪ್ಪ ಮೀನಿನ ವ್ಯಾಪಾರ ಮಾಡುತ್ತಿರಬಹುದು, ನೆರೆಯ ಮಹಿಳೆ ಮನೆಯಲ್ಲೇ ಹೊಲಿಗೆ ಅಥವಾ ತಿಂಡಿ ವ್ಯಾಪಾರ ನಡೆಸುತ್ತಿರಬಹುದು. ಮಗಳು ಆರು ತಿಂಗಳು ಅದರ ಲೆಕ್ಕ ಬರೆಯಲಿ. ಉದ್ರಿ ಎಷ್ಟು, ಅದು ವಸೂಲಾಗಲು ಎಷ್ಟು ದಿನ, ಮೂಲೆಯಲ್ಲಿ ಮಾರಾಟವಾಗದೆ ಕುಳಿತ ಸರಕಿನಲ್ಲಿ ಎಷ್ಟು ಹಣ ಸಿಕ್ಕಿಕೊಂಡಿದೆ, ಹಬ್ಬದ ತಿಂಗಳ ಮಾರಾಟ ಎಷ್ಟು, ಮಳೆಗಾಲದ್ದೆಷ್ಟು? ಅವಳು ಇದನ್ನು ತಿಳಿದು ಒಂದೇ ಒಂದು ವಿಷಯ ಸುಧಾರಿಸಿದರೂ ಸಂದರ್ಶಕರೆದುರು ಹೇಳಲು ಅವಳದ್ದೇ ಆದ ಮಾತಿರುತ್ತದೆ. ಎಂಬಿಎಯಲ್ಲಿ ಕಲಿಸುವ ಲೆಕ್ಕಶಾಸ್ತ್ರ, ಮಾರುಕಟ್ಟೆ, ದಾಸ್ತಾನು, ಜನರಿಂದ ಕೆಲಸ ತೆಗೆಯುವ ಬಗೆ ಎಲ್ಲದರ ಬೇರು ಆ ಅಂಗಡಿಯಲ್ಲೇ ಇದೆ. ವ್ಯಾಪಾರ ಹೆಣ್ಣಿಗೆ ಹೇಳಿದ್ದಲ್ಲ ಎಂದು ಯಾರಾದರೂ ಹೇಳಿದರೆ, ಮಕ್ಕಾದಲ್ಲಿ ಸ್ವಂತ ಬಂಡವಾಳ ಹೂಡಿ ವ್ಯಾಪಾರ ನಡೆಸಿದ್ದ ಹಝ್ರತ್ ಖದೀಜಾ(ರ)ರನ್ನು ಅವರಿಗೆ ನೆನಪಿಸಿದರೆ ಸಾಕು.

ಮನೆಯಿಂದ ಹೊರಗೆ ಹೋಗಲು ಅನುಕೂಲವಿಲ್ಲದವರಿಗೆ ಕೇಂದ್ರ ಸರಕಾರದ 'ಸ್ವಯಂ' ಎಂಬ ಉಚಿತ ಅಂತರ್ಜಾಲ ಶಿಕ್ಷಣ ವ್ಯವಸ್ಥೆ ಇದೆ. ಅದರಲ್ಲಿ ಮ್ಯಾನೇಜ್‌ಮೆಂಟ್ ಪಾಠಗಳ ಹೊಣೆ ಬೆಂಗಳೂರಿನ ಐಐಎಂನದ್ದೇ. ಆ ವಿಷಯ ತನಗೆ ಹಿಡಿಸುತ್ತದೆಯೇ ಎಂದು ಖರ್ಚಿಲ್ಲದೆ ನೋಡಿಕೊಳ್ಳಬಹುದು. ಹಿಡಿಸದಿದ್ದರೆ ಆಗಲೇ ಬೇರೆ ದಾರಿ ಹಿಡಿಯಬಹುದು. ಅದೂ ಲಾಭವೇ.

ಅಂತಿಮ ವರ್ಷದಲ್ಲಿ ಅರ್ಜಿ, ಮಾದರಿ ಪರೀಕ್ಷೆಗಳು ಮತ್ತು ನವೆಂಬರಿನ ಪರೀಕ್ಷೆ. ನಂತರ ಸಂದರ್ಶನಕ್ಕಾಗಿ ತನ್ನ ಡಿಗ್ರಿಯ ವಿಷಯಗಳನ್ನು ಮತ್ತೆ ಓದಬೇಕು. ಇತಿಹಾಸ ಓದಿದವಳಿಗೆ ಇತಿಹಾಸದಲ್ಲೇ ಪ್ರಶ್ನೆ ಬೀಳುತ್ತದೆ. ಮೂರು ವರ್ಷ ಓದಿದ್ದರ ಬಗ್ಗೆ ಬಾಯಿ ಬಿಡಲಾಗದವಳನ್ನು ಯಾರು ಆರಿಸುತ್ತಾರೆ?

ಕಾಗದಪತ್ರದ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ರಾಜ್ಯದ ಪ್ರವರ್ಗ 2ಬಿ ಪ್ರಮಾಣಪತ್ರ ಕೈಯಲ್ಲಿದೆಯಲ್ಲ ಎಂದು ಹಲವರು ನಿಶ್ಚಿಂತೆಯಿಂದ ಇರುತ್ತಾರೆ. ಐಐಎಂಗಳು ಕೇಂದ್ರದ ಸಂಸ್ಥೆಗಳು. ಅಲ್ಲಿ ಕೇಂದ್ರದ ಒಬಿಸಿ ಪಟ್ಟಿ, ಕೇಂದ್ರದ ನಮೂನೆಯ ಪ್ರಮಾಣಪತ್ರವೇ ಬೇಕು. ಎರಡೂ ಪಟ್ಟಿಗಳು ಒಂದೇ ಅಲ್ಲ. ನಿಮ್ಮ ಸಮುದಾಯ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ನೋಡಿ. ಇದ್ದು, ಕೆನೆಪದರಕ್ಕೆ ಸೇರದಿದ್ದರೆ 27 ಶೇಕಡಾ ಮೀಸಲಾತಿಯಲ್ಲಿ ಅವಕಾಶವಿದೆ. ಇಲ್ಲದಿದ್ದರೆ, ಕುಟುಂಬದ ವಾರ್ಷಿಕ ವರಮಾನ 8 ಲಕ್ಷಕ್ಕಿಂತ ಕಡಿಮೆಯಿದ್ದು ಆಸ್ತಿಯ ಮಿತಿಯೊಳಗಿದ್ದರೆ, 2019ರಿಂದ ಬಂದಿರುವ ಆರ್ಥಿಕವಾಗಿ ಹಿಂದುಳಿದವರ 10 ಶೇಕಡಾ ಮೀಸಲಾತಿಯನ್ನು ವಿಚಾರಿಸಿ. ಈ ಪತ್ರಗಳಿಗಾಗಿ ಕಚೇರಿ ಸುತ್ತಲು ದಿನಗಳು ಬೇಕಾಗುತ್ತವೆ. ಅರ್ಜಿಯ ಕೊನೆಯ ವಾರದಲ್ಲಿ ಓಡಬೇಡಿ.

ಹಣದ ಮಾತು

ಸಹೋದರಿಯರೇ, ಇಲ್ಲಿ ಮುಚ್ಚುಮರೆ ಬೇಡ. ಅಹ್ಮದಾಬಾದ್, ಬೆಂಗಳೂರಿನಂತಹ ಹಳೆಯ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ ಸುಮಾರು 25 ಲಕ್ಷ ರೂಪಾಯಿ. ಹೆಚ್ಚಿನ ವಿದ್ಯಾರ್ಥಿಗಳು ಇದನ್ನು ಬ್ಯಾಂಕ್ ಸಾಲದಿಂದ ಕಟ್ಟುತ್ತಾರೆ. ಬಡ್ಡಿಯ ಸಾಲ ಬೇಡವೆನ್ನುವ ನಮ್ಮ ಮನೆಗಳಲ್ಲಿ ಮಾತು ಇಲ್ಲಿಗೇ ನಿಂತುಬಿಡುತ್ತದೆ. ಆ ನಿಲುವನ್ನು ನಾನು ಗೌರವಿಸುತ್ತೇನೆ. ಆದರೆ ನಿಲುವು ಗಟ್ಟಿಯಾಗಿದ್ದಷ್ಟೂ ತಯಾರಿ ಬೇಗ ಶುರುವಾಗಬೇಕಲ್ಲವೇ? ಕೊನೆಯ ತಿಂಗಳಲ್ಲಿ ಹಣ ಹುಡುಕುವವರಿಗೆ ಬ್ಯಾಂಕ್ ಬಿಟ್ಟರೆ ಬೇರೆ ದಾರಿ ಕಾಣುವುದಿಲ್ಲ. ಮೂರು ವರ್ಷ ಮೊದಲು ಯೋಚಿಸಿದವರಿಗೆ ಕೆಲವು ದಾರಿಗಳಿವೆ.

ಒಂದು, ಕಡಿಮೆ ಶುಲ್ಕದ ಒಳ್ಳೆಯ ಸಂಸ್ಥೆಗಳು. ದಿಲ್ಲಿ ವಿಶ್ವವಿದ್ಯಾನಿಲಯದ ಎಫ್‌ಎಂಎಸ್ 1954ರಿಂದ ಇದೆ. ದೇಶದ ಮೇಲ್ಪಂಕ್ತಿಯಲ್ಲಿ ಅದರ ಹೆಸರಿದೆ. ಎರಡು ವರ್ಷದ ಶುಲ್ಕ ಎರಡೂವರೆ ಲಕ್ಷದ ಆಸುಪಾಸು, ಅಂದರೆ ಐಐಎಂನ ಹತ್ತನೇ ಒಂದು ಪಾಲು. ಅದಕ್ಕೂ ಕ್ಯಾಟ್ ಅಂಕವೇ ಬೇಕು, ಸ್ಪರ್ಧೆಯೂ ಅಷ್ಟೇ ತೀವ್ರ. ಎರಡು, ನಮ್ಮ ರಾಜ್ಯದಲ್ಲೇ ಇರುವ ಪಿಜಿಸಿಇಟಿ. ಇದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ನೂರು ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ಒಳ್ಳೆಯ ರ‍್ಯಾಂಕ್ ಬಂದರೆ ಸರಕಾರಿ ಕೋಟಾದ ಸೀಟು ಕಡಿಮೆ ಶುಲ್ಕದಲ್ಲಿ ಸಿಗುತ್ತದೆ. ಮೂರು, ಕುಟುಂಬದ ವರಮಾನ ನೋಡಿ ಶುಲ್ಕದಲ್ಲಿ ನೆರವು ಕೊಡುವ ಪದ್ಧತಿ ಐಐಎಂಗಳಲ್ಲಿದೆ. ಪ್ರತಿ ಸಂಸ್ಥೆಯ ನಿಯಮವನ್ನು ಓದಿ. ನಾಲ್ಕು, ಡಿಗ್ರಿಯ ನಂತರ ಎರಡು ವರ್ಷ ದುಡಿದು, ಉಳಿಸಿ, ಆಮೇಲೆ ಹೋಗುವುದು. ಕ್ಯಾಟ್‌ಗೆ ವಯಸ್ಸಿನ ಮಿತಿಯಿಲ್ಲ, ಕೆಲಸದ ಅನುಭವಕ್ಕೆ ಆಯ್ಕೆಯಲ್ಲಿ ಬೆಲೆಯೂ ಇದೆ. ಆದರೆ ಒಂದು ವರ್ಷದ ಕ್ಯಾಟ್ ಅಂಕ ಆ ಸಾಲಿನ ಪ್ರವೇಶಕ್ಕೆ ಮಾತ್ರ, ಮುಂದಕ್ಕೆ ಉಳಿಯುವುದಿಲ್ಲ.

ಇನ್ನು ಒಂದು ಎಚ್ಚರಿಕೆ. ಕ್ಯಾಟ್ ಬೇಡ, ಸಿಇಟಿ ಬೇಡ, ದುಡ್ಡು ಕಟ್ಟಿದರೆ ಸೀಟು ಎಂದು ಹೇಳುತ್ತಾ ಬರುವ ಏಜೆಂಟರಿದ್ದಾರೆ. ಎಂಬಿಎ ಎಂಬ ಮೂರಕ್ಷರಕ್ಕೆ ತನ್ನಷ್ಟಕ್ಕೆ ಬೆಲೆಯಿಲ್ಲ, ಎಲ್ಲಿ ಓದಿದ್ದು ಎಂಬುದಕ್ಕೆ ಬೆಲೆ. ತಾಯಿಯ ಚಿನ್ನ ಮಾರಿ ಹೆಸರಿಲ್ಲದ ಕಾಲೇಜಿಗೆ ಲಕ್ಷಗಟ್ಟಲೆ ಸುರಿಯುವುದಕ್ಕಿಂತ, ಬಿ.ಕಾಂ. ಮುಗಿಸಿ ಒಳ್ಳೆಯ ಕೆಲಸಕ್ಕೆ ಸೇರುವುದು ಎಷ್ಟೋ ಮೇಲು. ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇದೆಯೇ, ಹಿಂದಿನ ವರ್ಷ ಓದಿದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಸಾಧ್ಯವಾದರೆ ಅವರಲ್ಲೊಬ್ಬರ ಜೊತೆ ಮಾತಾಡಿ.

ತಾಯಂದಿರ ಪಾಲು

ತಯಾರಿಯ ಅರ್ಧ ಹೊಣೆ ಮಗಳದ್ದು, ಅರ್ಧ ಮನೆಯದ್ದು. ಮಗನಿಗೆ ಪರೀಕ್ಷೆ ಇದ್ದರೆ ಮನೆಯಲ್ಲಿ ಟಿವಿ ನಿಲ್ಲುತ್ತದೆ. ಮಗಳಿಗೆ ಪರೀಕ್ಷೆ ಇದ್ದರೆ ಅವಳು ಮೊದಲು ಪಾತ್ರೆ ತೊಳೆದು ಬರಬೇಕಾಗುತ್ತದೆ. ಮನೆಗೆಲಸ ಕಲಿಯಬಾರದೆಂದು ನಾನು ಹೇಳುತ್ತಿಲ್ಲ. ದಿನಕ್ಕೆ ಎರಡು ಗಂಟೆ, ಅದು ಫಜ್ರ್ ನಂತರವಾಗಲಿ ಇಶಾ ನಂತರವಾಗಲಿ, ಅತಿಥಿ ಬಂದರೂ ಅಲುಗಾಡದ ಸಮಯ ಅವಳಿಗೆ ಇರಲಿ ಎನ್ನುತ್ತಿದ್ದೇನೆ. ಮಾದರಿ ಪರೀಕ್ಷೆಯ ಎರಡು ಗಂಟೆ ಮಧ್ಯೆ ಎಬ್ಬಿಸಿದರೆ ಆ ಪರೀಕ್ಷೆಯೇ ವ್ಯರ್ಥ. ಅಂತಿಮ ವರ್ಷದ ನವೆಂಬರಿನಲ್ಲಿ ಮನೆಯ ಮದುವೆ, ಗೃಹಪ್ರವೇಶಗಳನ್ನು ಇಡುವ ಮೊದಲು ಅವಳ ಪರೀಕ್ಷೆಯ ದಿನಾಂಕವನ್ನೂ ಕೇಳಿ.

ನಿಕಾಹ್‌ನ ಮಾತನ್ನೂ ಮುಂದೂಡಬೇಡಿ. ಒಳ್ಳೆಯ ಸಂಬಂಧ ಬಂದಾಗ ತಂದೆತಾಯಿ ಯೋಚಿಸುವುದು ಸಹಜ. ಓದು ಅಥವಾ ಮದುವೆ ಎಂದು ಮಗಳನ್ನು ಎರಡು ದಾರಿಗಳ ನಡುವೆ ನಿಲ್ಲಿಸುವ ಬದಲು, ಬಂದವರ ಎದುರು ಆರಂಭದಲ್ಲೇ ಸ್ಪಷ್ಟವಾಗಿ ಹೇಳಿ: ಇವಳು ಇಂಥ ಪರೀಕ್ಷೆ ಬರೆಯುತ್ತಿದ್ದಾಳೆ, ಎರಡು ವರ್ಷ ಹಾಸ್ಟೆಲಿನಲ್ಲಿ ಓದಬೇಕಾದೀತು. ಒಪ್ಪಿದವರು ಕೊಟ್ಟ ಮಾತಿಗೆ ಬದ್ಧರು. ಕರಾರನ್ನು ಪಾಲಿಸುವುದು ಸಣ್ಣ ವಿಷಯವಲ್ಲ. ಒಪ್ಪದವರು ಯಾರೆಂದು ಮೊದಲೇ ತಿಳಿದರೆ ಅದೂ ಒಳ್ಳೆಯದೇ.

ಮಗಳಂದಿರಿಗೂ ಒಂದು ಮಾತು. "ನನಗೆ ಎಂಬಿಎ ಮಾಡಬೇಕು" ಎಂದಷ್ಟೇ ಹೇಳಿ ಉಪ್ಪ, ಉಮ್ಮನ ಒಪ್ಪಿಗೆ ಬೇಡಬೇಡಿ. ಅವರು ಕಂಡಿರದ ಲೋಕ ಅದು. ಕಾಣದ್ದಕ್ಕೆ ಹೆದರುವುದು ಪ್ರೀತಿಯ ಗುಣ. ಯಾವ ಸಂಸ್ಥೆ, ಎಷ್ಟು ಶುಲ್ಕ, ಹಾಸ್ಟೆಲ್ ಎಲ್ಲಿ, ಪರೀಕ್ಷೆ ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಬೆಳಗ್ಗೆ ನಿಮ್ಮನ್ನು ಯಾರೂ ಎಬ್ಬಿಸದೆಯೇ ಆರು ತಿಂಗಳು ಓದಿ ತೋರಿಸಿ. ಮಾತಿಗಿಂತ ಆ ಆರು ತಿಂಗಳು ಹೆಚ್ಚು ಮನವೊಲಿಸುತ್ತದೆ.

ಎಲ್ಲ ಮಾಡಿಯೂ ಸೀಟು ಸಿಗದಿರಬಹುದು. ಲಕ್ಷಾಂತರ ಮಂದಿ ಬರೆಯುವ ಪರೀಕ್ಷೆಯಲ್ಲಿ ಹೆಚ್ಚಿನವರಿಗೆ ಐಐಎಂ ಸಿಗುವುದಿಲ್ಲ ಎಂಬುದೇ ಸತ್ಯ. ಆದರೆ ಮೂರು ವರ್ಷ ದಿನವೂ ಓದಿದ, ಲೆಕ್ಕ ಬರೆಯಲು ಕಲಿತ, ನಾಲ್ಕು ಮಂದಿಯ ಎದುರು ತನ್ನ ವಿಷಯವನ್ನು ಧೈರ್ಯವಾಗಿ ಹೇಳಬಲ್ಲ ಹುಡುಗಿ ಯಾವ ಮನೆಗೆ, ಯಾವ ಕಚೇರಿಗೆ ಹೋದರೂ ಬರಿಗೈಯಲ್ಲಿ ಹೋಗುವುದಿಲ್ಲ.

ಈ ವಾರ ಒಂದು ಕೆಲಸ ಮಾಡಿ. ಮಗಳು ಡಿಗ್ರಿಯ ಯಾವ ವರ್ಷದಲ್ಲಿದ್ದಾಳೆ, ಅವಳ ಅಂತಿಮ ವರ್ಷದ ಆಗಸ್ಟ್ ಯಾವಾಗ ಬರುತ್ತದೆ ಎಂದು ಅವಳ ಜೊತೆ ಕುಳಿತು ಎಣಿಸಿ. ಇನ್ನೆಷ್ಟು ತಿಂಗಳಿದೆಯೋ ಅಷ್ಟೇ ಸಮಯ ನಿಮ್ಮ ಕೈಯಲ್ಲಿದೆ. ನಮ್ಮ ಮಕ್ಕಳ ಶ್ರಮದಲ್ಲಿ ಅಲ್ಲಾಹನು ಬರಕತ್ ನೀಡಲಿ.